ಮಂಜಿನ ಹಿಂದಿನ ಬೆಟ್ಟ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಬರ್ಕ್ಲಿ ಎಂಬ ತತ್ವಜ್ಞಾನಿಯ ಬಗ್ಗೆ ಓದಿದೆ. ನೋಡುವವರಿಲ್ಲದಿದ್ದರೆ ವಸ್ತುವೂ ಇಲ್ಲ ಎಂದು ಅವರು ಹೇಳಿದರಂತೆ. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ ನಮ್ಮ ಮನೆ ಎದುರಿನ ಬೆಟ್ಟ ಎಷ್ಟೋ ದಿನ ಮಂಜಿನಲ್ಲಿ ಕಾಣುವುದೇ ಇಲ್ಲ. ಹಾಗಾದ್ರೆ ಅಷ್ಟು ದಿನ ಬೆಟ್ಟ ಇರುವುದಿಲ್ಲವಾ? ತಮಾಷೆಗೆ ಕೇಳುತ್ತಿಲ್ಲ. 26 ವರ್ಷದಿಂದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ, ದಿನಾ ಮಳೆ ಲೆಕ್ಕ ಬರೆಯುತ್ತೇನೆ. ಕಂಡದ್ದನ್ನೇ ನಂಬಿ ಬದುಕಿದವನಿಗೆ ಇದು ನಿದ್ದೆ ಕೆಡಿಸಿದೆ. ಹೆಸರು ಹಾಕಬೇಡಿ." (ಸೋಮವಾರಪೇಟೆ ಕಡೆಯ ಓದುಗರು)

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಬಂದ ದಿನವೇ ನಾಲ್ಕು ಸಾಲು ಬರೆದು ಮುಗಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಮೊದಲು ನಮ್ಮ ಕಡೆಯ ತಪ್ಪು ಹೇಳಿಬಿಡುತ್ತೇನೆ. ಜಾಗ ಸಾಲದೆ ಆ ಲೇಖನದ ಕೊನೆಯ ಭಾಗವನ್ನು ಕತ್ತರಿಸಿದ್ದು ನಾನು. ಇರಬೇಕಾದ ಮಾತು ಅದರಲ್ಲೇ ಹೋಯಿತು. ಜಾರ್ಜ್ ಬರ್ಕ್ಲಿ 1685ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರು, ಮುಂದೆ ಬಿಷಪ್ ಆದವರು. 1710ರಲ್ಲಿ, ಇಪ್ಪತ್ತೈದು ವರ್ಷದ ಹುಡುಗನಾಗಿದ್ದಾಗ, 'ಇರುವುದು ಎಂದರೆ ಕಾಣುವುದು' ಎಂಬ ಅರ್ಥದ ಮಾತನ್ನು ಪುಸ್ತಕದಲ್ಲಿ ಬರೆದರು. ಆದರೆ ನೀವು ನೋಡದಿದ್ದಾಗ ಬೆಟ್ಟ ಮಾಯವಾಗುತ್ತದೆ ಎಂದು ಅವರು ಹೇಳಲಿಲ್ಲ. ನೀವು ನೋಡದಿದ್ದರೂ ದೇವರು ನೋಡುತ್ತಿರುತ್ತಾನೆ, ಆದ್ದರಿಂದ ಬೆಟ್ಟ ಇದ್ದೇ ಇರುತ್ತದೆ ಎಂದರು. ಅವರ ಪ್ರಕಾರವೂ ನಿಮ್ಮ ಬೆಟ್ಟ ಕಕ್ಕಡ ತಿಂಗಳಲ್ಲಿ ಎಲ್ಲಿಗೂ ಹೋಗುವುದಿಲ್ಲ.

ಹಾಗಂತ ಅವರ ವಾದವನ್ನು ಸುಲಭಕ್ಕೆ ತಳ್ಳಿಹಾಕಲು ಬರುವುದಿಲ್ಲ. ಬೆಳಿಗ್ಗೆ ಕೈಗೆ ಬಂದ ಕಾಫಿ ಲೋಟವನ್ನೇ ತಗೊಳ್ಳಿ. ಬಿಸಿ ನಿಮ್ಮ ಬೆರಳಿಗೆ ಗೊತ್ತಾದದ್ದು. ಕಂದು ಬಣ್ಣ ಕಣ್ಣಿಗೆ, ಘಮ ಮೂಗಿಗೆ, ಕಹಿ ನಾಲಿಗೆಗೆ, ಭಾರ ಕೈಗೆ. ಇವನ್ನೆಲ್ಲ ಒಂದೊಂದಾಗಿ ತೆಗೆದುಬಿಟ್ಟರೆ ಉಳಿಯುವ ಲೋಟ ಯಾವುದು? ಹೇಳಲು ಹೊರಟರೆ ಬಾಯಿಗೆ ಮಾತೇ ಸಿಗುವುದಿಲ್ಲ. ಇದು ಗಟ್ಟಿ ಪ್ರಶ್ನೆ. ನಿಮಗೆ ನಿದ್ದೆ ಬಾರದಿದ್ದದ್ದು ಸುಮ್ನೆ ಅಲ್ಲ.

1763ರಲ್ಲಿ ಇಂಗ್ಲೆಂಡಿನ ಬರಹಗಾರ ಸ್ಯಾಮ್ಯುಯೆಲ್ ಜಾನ್ಸನ್ ಇದಕ್ಕೆ ಉತ್ತರವೆಂದು ದೊಡ್ಡ ಕಲ್ಲೊಂದನ್ನು ಜೋರಾಗಿ ಒದ್ದು ತೋರಿಸಿದರು. ಜನ ಈಗಲೂ ಅದನ್ನು ಮೆಚ್ಚಿ ಹೇಳುತ್ತಾರೆ. ನನಗೆ ಅದು ಸಾಲದು. ಕಾಲಿಗೆ ತಗುಲಿದ ಪೆಟ್ಟೂ ಅನುಭವವೇ ಅಲ್ವಾ? ಬರ್ಕ್ಲಿ ಅದನ್ನು ಎಂದೂ ಅಲ್ಲಗಳೆದಿರಲಿಲ್ಲ.

ನಮ್ಮಲ್ಲಿ ಈ ಜಗಳ ಇನ್ನೂ ಹಳೆಯದು. ಬೌದ್ಧರಲ್ಲಿ ವಿಜ್ಞಾನವಾದಿಗಳು, ಹೊರಗೆ ವಸ್ತುವಿಲ್ಲ, ಇರುವುದೆಲ್ಲ ಅರಿವೇ ಎಂದರು. ಅವರಲ್ಲೊಬ್ಬನಾದ ವಸುಬಂಧು ಇದಕ್ಕೆ ಕನಸನ್ನು ತೋರಿಸಿದ. ಕನಸಿನಲ್ಲೂ ಊರು ಕಾಣುತ್ತದೆ, ಹೊರಗೆ ಊರಿರುವುದಿಲ್ಲ. ಇದಕ್ಕೆ ಎದುರು ನಿಂತವರು ಯಾರು ಗೊತ್ತಾ? ಶಂಕರಾಚಾರ್ಯರು. ಜಗತ್ತು ಮಿಥ್ಯೆ ಎಂದವರು ಎಂದಷ್ಟೇ ಅವರನ್ನು ತಿಳಿದವರಿಗೆ ಇದು ಆಶ್ಚರ್ಯ. ಬ್ರಹ್ಮಸೂತ್ರ ಭಾಷ್ಯದ ಎರಡನೇ ಅಧ್ಯಾಯದಲ್ಲಿ ಅವರು ಕಂಬ, ಗೋಡೆ, ಮಡಕೆ, ಬಟ್ಟೆ ಎಂದು ಎಣಿಸಿ ಹೇಳುತ್ತಾರೆ. ಯಾರೂ ತಮ್ಮ ಅರಿವನ್ನೇ ಕಂಬ ಎಂದು ಕಾಣುವುದಿಲ್ಲ, ಅರಿವಿಗೆ ಸಿಕ್ಕ ಕಂಬವನ್ನು ಕಾಣುತ್ತಾರೆ. ಅದನ್ನು ಇಲ್ಲ ಎನ್ನುವವನು, ಊಟ ಮಾಡಿ ತೃಪ್ತಿಯಾಗಿ ಕೂತು 'ನಾನು ಉಣ್ಣಲೇ ಇಲ್ಲ' ಎಂದವನ ಹಾಗೆ. ಕನಸು ಎದ್ದ ಮೇಲೆ ಸುಳ್ಳಾಗುತ್ತದೆ, ಎಚ್ಚರದ ಕಂಬ ಹಾಗೆ ಸುಳ್ಳಾಗುವುದಿಲ್ಲ ಎಂದೂ ಸೇರಿಸಿದರು. ಘಟ್ಟದ ಕೆಳಗಿನ ಉಡುಪಿಯ ಮಧ್ವಾಚಾರ್ಯರಂತೂ ಜೀವಕ್ಕೂ ಜಡಕ್ಕೂ ಭೇದ ನಿಜ, ಜಗತ್ತೂ ನಿಜ ಎಂದು ನೇರವಾಗಿಯೇ ಹೇಳಿದರು.

ಇನ್ನು ನನ್ನ ಮಾತು. ಅದನ್ನು ನಿಮ್ಮ ಮಳೆಮಾಪಕದಿಂದಲೇ ಶುರುಮಾಡುತ್ತೇನೆ.

ಮಾರ್ಚ್ ತಿಂಗಳ ಒಂದು ರಾತ್ರಿ ಎಂದುಕೊಳ್ಳಿ. ತೋಟದವರೆಲ್ಲ ಮಲಗಿದ್ದಾರೆ. ಒಂದೂವರೆ ಗಂಟೆಗೆ ಮಳೆ ಬಂದು ನಿಲ್ಲುತ್ತದೆ. ಯಾರೂ ನೋಡಿಲ್ಲ, ಯಾರಿಗೂ ಎಚ್ಚರವಾಗಿಲ್ಲ. ಬೆಳಿಗ್ಗೆ ನೀವು ಹೋಗಿ ಮಳೆಮಾಪಕದ ಮುಚ್ಚಳ ತೆಗೆಯುತ್ತೀರಿ. ಒಳಗಿನ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತೀರಿ. 85 ಸೆಂಟ್. ನೂರು ಸೆಂಟ್ ಸೇರಿದರೆ ಒಂದು ಇಂಚು, ಅದಕ್ಕೆ 15 ಕಮ್ಮಿ. ಕಾಫಿ ಮೊಗ್ಗು ಅರಳಿಸುವ ಹೂಮಳೆ ಒಂದು ಇಂಚಾದರೂ ಬರಲಿ ಎಂದು ನೀವು ವಾರದಿಂದ ಬೇಡಿಕೊಂಡಿದ್ದೀರಿ. ಆದರೂ 85 ಎಂದೇ ಬರೆಯುತ್ತೀರಿ. ಪಕ್ಕದ ತೋಟದ ರೈಟರ್ ಬೇರೆ ಡಬ್ಬದಲ್ಲಿ ಅಳೆದು 80 ಎನ್ನುತ್ತಾರೆ. ನೀವಿಬ್ಬರೂ ಮಾತಾಡಿಕೊಂಡಿಲ್ಲ. ಇನ್ನು 8-9 ದಿನಕ್ಕೆ ರೊಬಸ್ಟಾ ಕಾಫಿ ಗಿಡಗಳು ಹೂವಿನಿಂದ ಬೆಳ್ಳಗಾಗುತ್ತವೆ. ನೀರು ಸಾಲದ ಕಡೆ ಮೊಗ್ಗು ಪೂರ್ತಿ ಅರಳುವುದಿಲ್ಲ.

ಆ ಮಳೆ ಯಾರ ಮನಸ್ಸಿನಲ್ಲಿತ್ತು? ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಒಂದು ಇಂಚು. ಬಿದ್ದದ್ದು 85 ಸೆಂಟ್. ಈ 15 ಸೆಂಟಿನ ವ್ಯತ್ಯಾಸ ನನಗೆ ಬಹಳ ಮುಖ್ಯ. ಇರುವುದೆಲ್ಲ ನನಗೆ ಕಂಡದ್ದೇ ಆಗಿದ್ದರೆ ನಾನು ತಪ್ಪುವುದು ಹೇಗೆ? ಹಗ್ಗವನ್ನು ಹಾವು ಎಂದುಕೊಂಡೆ ಎನ್ನಬೇಕಾದರೆ ಅಲ್ಲಿ ಹಗ್ಗ ಇರಲೇಬೇಕು, ನಾನು ಏನೇ ಅಂದುಕೊಂಡರೂ.

ಬರ್ಕ್ಲಿ ಇದ್ದಿದ್ದರೆ ಹೇಳುತ್ತಿದ್ದರು: ಆ ರಾತ್ರಿಯ ಮಳೆಯನ್ನು ದೇವರು ಕಂಡ, ನಿಮ್ಮ ತಪ್ಪನ್ನು ತಿದ್ದಿದ್ದೂ ಅದೇ. ದೇವರನ್ನು ನಂಬುವವರ ಮಾತನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಮಳೆಯನ್ನು ಉಳಿಸಿಕೊಳ್ಳಲು ಅಷ್ಟು ಎತ್ತರಕ್ಕೆ ಹೋಗಬೇಕಾಯಿತು ಎಂದರೆ, ಮಳೆ ನನ್ನ ಮನಸ್ಸಿಗೂ ನಿಮ್ಮ ಮನಸ್ಸಿಗೂ ಸೇರಿದ್ದಲ್ಲ ಎಂದು ಅವರೇ ಒಪ್ಪಿದ ಹಾಗಾಯಿತು. ನನಗೆ ಅಷ್ಟು ಸಾಕು.

ಕೊಡಗಿನಲ್ಲಿ ಬೆಟ್ಟಗಳು ಕುಸಿದ 2018ರ ಆಗಸ್ಟ್ ನಿಮಗೂ ನೆನಪಿದೆ. ಮಕ್ಕಂದೂರು, ಜೋಡುಪಾಲ, ಹೆಸರು ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ. ಅಲ್ಲಿನವರ ಮನಸ್ಸಿನಲ್ಲಿ ಇದ್ದದ್ದು ಅಜ್ಜ, ಮುತ್ತಜ್ಜನ ಕಾಲದಿಂದ ಅಲುಗದೆ ನಿಂತ ಬೆಟ್ಟ. ಮಂಜಿನ ಹಿಂದೆಯೂ ಅದೇ ಬೆಟ್ಟವನ್ನು ಮನಸ್ಸಿನಲ್ಲಿ ಕಾಣುತ್ತಿದ್ದರು. ಮಣ್ಣಿನೊಳಗೆ ದಿನದಿಂದ ದಿನಕ್ಕೆ ನೀರು ತುಂಬಿ, ಬಂಡೆಯ ಮೇಲಿನ ಮಣ್ಣು ಹಿಡಿತ ಬಿಡುತ್ತಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಕಾಣದೆಯೇ ಅದು ನಡೆಯಿತು. ಬರೆ, ಅಂದರೆ ಬೆಟ್ಟದ ಇಳಿಜಾರು, ಜರಿದು ಬಂದಾಗ ಬಂದದ್ದು ಮನಸ್ಸಿನಲ್ಲಿದ್ದ ಬೆಟ್ಟವಲ್ಲ, ಹೊರಗಿದ್ದ ಬೆಟ್ಟ. ಅವೆರಡೂ ಒಂದೇ ಎಂದು ಯಾರಾದರೂ ನನಗೆ ಹೇಳಿದರೆ ನಾನು ಒಪ್ಪಲಾರೆ. ಇದನ್ನು ವಾದ ಗೆಲ್ಲಲಿಕ್ಕೆ ಬರೆಯುತ್ತಿಲ್ಲ. ನಿಮ್ಮ ಪತ್ರದಲ್ಲಿ ಮಂಜು, ಬೆಟ್ಟ ಎಂದು ಓದಿದ ಕೂಡಲೇ ನನಗೆ ನೆನಪಾದದ್ದೇ ಇದು.

ಎಲ್ಲವೂ ಹೊರಗೇ ಇದೆ ಎಂದೂ ನಾನು ಹೇಳುವುದಿಲ್ಲ. ಕಾಫಿ ಹೂವಿನ ಘಮ ಇದೆಯಲ್ಲ, ಮಲ್ಲಿಗೆಯ ಹಾಗೆ ತೋಟದ ತುಂಬಾ ನಿಲ್ಲುವುದು, ಅದು ಹೂವಿನದ್ದೂ ಹೌದು, ಮೂಗಿನದ್ದೂ ಹೌದು. ಹಣ್ಣಾದ ಕಾಫಿ ನಿಮಗೆ ಕೆಂಪು. ಜೇನುನೊಣಕ್ಕೆ ಕೆಂಪು ಬಣ್ಣ ಕಾಣುವುದಿಲ್ಲ, ನಮಗೆ ಕಾಣದ ಅತಿನೇರಳೆ ಬೆಳಕು ಅದಕ್ಕೆ ಕಾಣುತ್ತದೆ. ಹಾಗಾಗಿ ಬಣ್ಣ, ವಾಸನೆ, ರುಚಿಯ ವಿಷಯದಲ್ಲಿ ಬರ್ಕ್ಲಿಗೆ ನಾನು ಅರ್ಧ ದಾರಿಯವರೆಗೂ ಜೊತೆ ಕೊಡುತ್ತೇನೆ. ಆದರೆ ನಾವು ಕಾಣುವುದು ಬೇರೆ ಬೇರೆ ಆದರೂ ನಾವು ಮತ್ತು ಜೇನುನೊಣ ಹೋಗುವುದು ಒಂದೇ ಗಿಡಕ್ಕೆ.

ಲೇಖನದಲ್ಲಿ ಬಿಟ್ಟುಹೋದ ಭಾಗವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇವೆ. ನಿಮ್ಮಿಂದ ಒಂದು ಉಪಕಾರ ಬೇಕು. 26 ವರ್ಷದ ಮಳೆ ಲೆಕ್ಕದ ಪುಸ್ತಕಗಳನ್ನು ಇಟ್ಟುಕೊಂಡಿದ್ದರೆ, 2018ರ ಆಗಸ್ಟ್ ತಿಂಗಳ ಪುಟದ ಫೋಟೊ ತೆಗೆದು ಕಳಿಸಿ. ಒದ್ದೆಯಾಗಿ ಇಂಕು ಹರಡಿದ್ದರೂ ಪರವಾಗಿಲ್ಲ. ನಿಮ್ಮ ಹೆಸರಾಗಲಿ ತೋಟದ ಹೆಸರಾಗಲಿ ಇಲ್ಲದೆ, ಅಂಕಿಗಳನ್ನಷ್ಟೇ ಅಚ್ಚು ಹಾಕುತ್ತೇನೆ.