ತುಳು ಬಾರದವಳು ಕೊಣಾಜೆಯಲ್ಲಿ ಕಳೆದ ಒಂದು ಸೆಮಿಸ್ಟರ್

ಬಯಲುಸೀಮೆಯಿಂದ ಬಂದು ಮಂಗಳೂರಿನಲ್ಲಿ ಹೊಸದಾಗಿ ವಿಶ್ವವಿದ್ಯಾನಿಲಯಕ್ಕೆ ಸೇರಿರುವ ನೀವು, ತರಗತಿಯ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲಿದ್ದರೂ, ಸಹಪಾಠಿಗಳ ಇನ್‌ಸ್ಟಾಗ್ರಾಂ ಸ್ಟೋರಿಗಳನ್ನು ಒಂದೂ ಬಿಡದೆ ನೋಡುತ್ತಿದ್ದರೂ ಹೊರಗಿನವರಾಗಿಯೇ ಉಳಿದಿದ್ದೇನೆ ಎಂದು ಬರೆದಿದ್ದೀರಿ. ಫೋನನ್ನು ದೂರ ಇಡಬೇಕೋ, ಇನ್ನಷ್ಟು ಹಚ್ಚಿಕೊಳ್ಳಬೇಕೋ ಎಂಬುದು ನಿಮ್ಮ ಪ್ರಶ್ನೆ. ನಾನು ಹಾವೇರಿ ಜಿಲ್ಲೆಯವಳು. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ, ಅಂದರೆ ಮಂಗಳೂರು ವಿಶ್ವವಿದ್ಯಾನಿಲಯದ ಆವರಣದಲ್ಲಿ, ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿಗೆ ಸೇರಿ ಮೊನ್ನೆಯಷ್ಟೇ ಮೊದಲ ಸೆಮಿಸ್ಟರ್ ಮುಗಿಸಿದ್ದೇನೆ. ನೀವು ಹೇಳಿದ ಎರಡು ದಾರಿಗಳನ್ನೂ ತುಳಿದು ನೋಡಿದ್ದೇನೆ. ಒಂದು ವಾರ ಫೋನನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಾಗ ಆದದ್ದಿಷ್ಟೇ: ತರಗತಿಯ ಕೊಠಡಿ ಬದಲಾದದ್ದು ಎಲ್ಲರಿಗೂ ತಿಳಿದು ನನಗೊಬ್ಬಳಿಗೆ ತಿಳಿಯಲಿಲ್ಲ.

ಎಷ್ಟು ಹೊತ್ತು ಫೋನ್ ನೋಡುತ್ತಿದ್ದೆ ಎಂಬುದಕ್ಕಿಂತ ಯಾವುದಕ್ಕಾಗಿ ನೋಡುತ್ತಿದ್ದೆ ಎಂಬುದರಲ್ಲಿ ನನ್ನ ತೊಂದರೆ ಇತ್ತೆಂದು ತಡವಾಗಿ ಅರಿವಾಯಿತು. ಯಾರನ್ನೂ ಏನನ್ನೂ ಕೇಳದೆ ಬದುಕುವುದಕ್ಕೆ ನಾನು ಅದನ್ನು ಬಳಸುತ್ತಿದ್ದೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಹತ್ತಿದರೆ ನೇತ್ರಾವತಿ ಸೇತುವೆ, ತೊಕ್ಕೊಟ್ಟು, ದೇರಳಕಟ್ಟೆ ದಾಟುವವರೆಗೂ ಮ್ಯಾಪಿನ ನೀಲಿ ಚುಕ್ಕೆಯ ಮೇಲೆಯೇ ಕಣ್ಣು. ಕಂಡಕ್ಟರು "ದುಂಬು ಪೋಲೆ, ದುಂಬು ಪೋಲೆ" ಎಂದು ಕೂಗಿದಾಗ ಉಳಿದವರು ಮುಂದಕ್ಕೆ ಸರಿದದ್ದನ್ನು ನೋಡಿ ನಾನೂ ಸರಿಯುತ್ತಿದ್ದೆನೇ ಹೊರತು, ಪಕ್ಕದಲ್ಲಿದ್ದವರನ್ನು ಹಾಗೆಂದರೇನು ಎಂದು ಒಮ್ಮೆಯೂ ಕೇಳಲಿಲ್ಲ. ಮೆಸ್ಸಿನಲ್ಲಿ ಕುಚ್ಚಲಕ್ಕಿ ಅನ್ನದ ದಪ್ಪ ಅಗುಳನ್ನು ಕಂಡು ಅದು ಅರೆಬೆಂದಿದೆಯೆಂದೇ ತಿಳಿದು, ಎದುರಿಗೆ ಕುಳಿತವಳನ್ನು ಕೇಳುವ ಬದಲು ಮೇಜಿನ ಕೆಳಗೆ ಫೋನ್ ಹಿಡಿದು ಹುಡುಕಿದವಳು ನಾನು.

ಭಾಷೆಯ ವಿಷಯದಲ್ಲಂತೂ ಇದು ಅತಿಯಾಯಿತು. ಗೂಗಲ್ ಟ್ರಾನ್ಸ್‌ಲೇಟ್‌ಗೆ 2024ರ ಜೂನ್‌ನಲ್ಲಿ ಒಮ್ಮೆಲೇ 110 ಭಾಷೆಗಳು ಸೇರಿದಾಗ ತುಳುವೂ ಅವುಗಳಲ್ಲಿ ಒಂದಾಗಿತ್ತು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇನ್ನೂ ಸ್ಥಾನ ಸಿಗದ ಭಾಷೆಗೆ ಅಲ್ಲಿ ಸ್ಥಾನ ಸಿಕ್ಕಿದ್ದು ಇಲ್ಲಿಯವರಿಗೆ ಹೆಮ್ಮೆಯ ಸಂಗತಿ. ನನಗೆ ಅದು ಅಡಗಿಕೊಳ್ಳಲು ಸಿಕ್ಕ ಜಾಗವಾಯಿತು. ತರಗತಿಯ ಗ್ರೂಪಿನಲ್ಲಿ ಹುಡುಗರು ತುಳುವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ನಾನು ಅದನ್ನು ರಾತ್ರಿ ಕುಳಿತು ಕನ್ನಡ ಅಕ್ಷರಗಳಿಗೆ ಇಳಿಸಿ, ಆ್ಯಪಿಗೆ ಹಾಕಿ, ಬಂದಷ್ಟು ಅರ್ಥವನ್ನು ಕೂಡಿಸಿಕೊಂಡು, ಸಂಜೆಯ ನಗೆಚಾಟಿಕೆಗೆ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ನಗುತ್ತಿದ್ದೆ. ಪಕ್ಕದ ಮಂಚದಲ್ಲಿಯೇ ಮೂಡುಬಿದಿರೆಯ ಹುಡುಗಿ ಮಲಗಿರುತ್ತಿದ್ದಳು. ಅವಳ ಮನೆಮಾತು ತುಳು.

ಈ ಜಾಣತನಕ್ಕೆ ಪೆಟ್ಟು ಬಿದ್ದದ್ದು ಒಂದು ಮಳೆಯ ರಾತ್ರಿ. ಕರಾವಳಿಯಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸುವುದು, ಆ ಆದೇಶಕ್ಕಾಗಿ ಮಕ್ಕಳು ಫೋನ್ ಹಿಡಿದು ಕಾಯುವುದು ನಿಮಗೂ ಈಗ ತಿಳಿದಿರಬಹುದು. ಆ ರಾತ್ರಿ ಗ್ರೂಪಿನಲ್ಲಿ ಒಬ್ಬ "ಎಲ್ಲೆ ರಜೆ ಉಂಡಾ?" ಎಂದು ಕೇಳಿದ. ತುಳುವಿನಲ್ಲಿ "ಎಲ್ಲೆ" ಎಂದರೆ ನಾಳೆ. ಆ್ಯಪ್ ತೆರೆಯುವ ಅಗತ್ಯವೇ ಇಲ್ಲ, ಇದು ಕನ್ನಡದಂತೆಯೇ ಇದೆಯಲ್ಲ ಎಂದುಕೊಂಡ ನಾನು, "ಎಲ್ಲಿ ರಜೆ ಉಂಟು?" ಎಂದು ಓದಿಕೊಂಡೆ. (ನಮ್ಮ ಕಡೆ "ಉಂಡಾ" ಎಂದರೆ ಊಟ ಮಾಡಿದ ಎಂದರ್ಥ, ರಜೆ ಎಂಬುವನು ಎಲ್ಲಿ ಉಂಡನೋ ಎಂದು ಓದಿಕೊಳ್ಳದೆ ಇದ್ದದ್ದೇ ಪುಣ್ಯ.) ಎಲ್ಲಿ ರಜೆ ಎಂಬುದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಹತ್ತು ನಿಮಿಷದ ಹಿಂದೆಯಷ್ಟೇ ನಮ್ಮ ಮನೆಯವರ ಗ್ರೂಪಿಗೆ ದೊಡ್ಡಪ್ಪನ ಮಗ ಒಂದು ಆದೇಶದ ಚಿತ್ರವನ್ನು ಕಳಿಸಿದ್ದ: ದಕ್ಷಿಣ ಕನ್ನಡ ಜಿಲ್ಲೆಯ ಎಲ್ಲ ಶಾಲಾ ಕಾಲೇಜುಗಳಿಗೆ ರಜೆ. ಮೂರು ವಾರಗಳಿಂದ ಗ್ರೂಪಿನಲ್ಲಿ ಒಂದಕ್ಷರ ಬರೆಯದವಳಿಗೆ ಉಪಯೋಗಕ್ಕೆ ಬರುವ ಅವಕಾಶ ಸಿಕ್ಕಿತೆಂದು ಹಿಗ್ಗಿ, ಅದನ್ನು ಹಾಗೆಯೇ ಫಾರ್ವರ್ಡ್ ಮಾಡಿ ಮಲಗಿಬಿಟ್ಟೆ.

ಮರುದಿನ ಬೆಳಿಗ್ಗೆ ತರಗತಿ ಇತ್ತು, ಕಿರುಪರೀಕ್ಷೆಯೂ ಇತ್ತು. ಹಾಸ್ಟೆಲಿನವರು ಹೇಗೋ ಓಡಿ ಬಂದೆವು. ಬಂಟ್ವಾಳ, ಮಂಜೇಶ್ವರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಆರು ಮಂದಿ ನನ್ನ ಸಂದೇಶವನ್ನು ನಂಬಿ ಮನೆಯಲ್ಲೇ ಉಳಿದಿದ್ದರು. ನಡುಗುವ ಕೈಯಲ್ಲಿ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅದು ಯಾವುದೋ ಹಳೆಯ ಆದೇಶವಾಗಿತ್ತು. ತಾರೀಖನ್ನು ತಿದ್ದಿದವನು ವಾರವನ್ನು ತಿದ್ದಲು ಮರೆತಿದ್ದ. ಬುಧವಾರದ ತಾರೀಖಿನ ಪಕ್ಕದಲ್ಲಿ ಶುಕ್ರವಾರ ಎಂದೇ ಇತ್ತು. ಇಂಥ ಆದೇಶಗಳು ಸಾಮಾನ್ಯವಾಗಿ "ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ" ಎಂದಿರುತ್ತವೆ, ಸ್ನಾತಕೋತ್ತರದವರಿಗೆ ಅನ್ವಯಿಸುವುದು ಅಪರೂಪ ಎಂಬುದು ಇಲ್ಲಿ ಬೆಳೆದ ಯಾವ ಮಗುವಿಗಾದರೂ ಗೊತ್ತು. ಚಿತ್ರದ ಮೇಲೆ ಜೋಡಿ ಬಾಣದ ಗುರುತೂ ಇತ್ತು. ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದ ಸಂದೇಶಕ್ಕೆ ವಾಟ್ಸಾಪ್ ಆ ಗುರುತನ್ನು ಹಾಕುತ್ತದೆ, ಮತ್ತು 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಲು ಬಿಡುತ್ತದೆ. ನನ್ನ ಕೆಡುಕಿಗೆ ಒಂದೇ ಸಾಕಾಯಿತು. ಮಂಗಳೂರಿನ ರಜೆಯ ಸುದ್ದಿಯನ್ನು ಹಾವೇರಿಯಿಂದ ತರಿಸಿಕೊಂಡ ಪತ್ರಿಕೋದ್ಯಮದ ವಿದ್ಯಾರ್ಥಿನಿ ಮತ್ತೊಬ್ಬಳಿರಲಾರಳು.

ತರಗತಿಯಲ್ಲಿ ಎದ್ದುನಿಂತು, ಆರು ಮಂದಿ ಬಾರದಿರುವುದಕ್ಕೆ ನಾನೇ ಕಾರಣವೆಂದು ಹೇಳಿದೆ. ಗಾಬರಿಯಲ್ಲಿ ನನ್ನ ಮಾತು ಪೂರ್ತಿ ನಮ್ಮೂರಿನದಾಗಿಬಿಟ್ಟಿತು: "ಸರ್, ನಂದ ತಪ್ಪಾತ್ರೀ, ತುಳು ತಿಳಿಲಿಲ್ರೀ, ಎಲ್ಲಿ ರಜಾ ಅಂತ ಕೇಳ್ಯಾರ ಅಂದ್ಕೊಂಡೆ." ಒಂದು ಕ್ಷಣ ಮೌನ, ಆಮೇಲೆ ಇಡೀ ತರಗತಿ ನಕ್ಕಿತು. ಪ್ರಾಧ್ಯಾಪಕರೂ ನಕ್ಕು, ಆರು ಮಂದಿಗೆ ಮತ್ತೊಮ್ಮೆ ಪರೀಕ್ಷೆ ಕೊಡಲು ಒಪ್ಪಿದರು. ಸಂಜೆ ಅವರೊಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಬಂಟ್ವಾಳದವಳು, "ಅಷ್ಟಕ್ಕೆ ಎಂತಕ್ಕೆ ಅಳುದು ಮಾರಾಯ್ತಿ, ಗೊತ್ತಾಗದಿದ್ರೆ ಕೇಳ್ಬಾರ್ದಾ?" ಎಂದಳು. ಸಮಾಧಾನಕ್ಕಾಗಿ ಆಡಿದ ಮಾತಾದರೂ, ಕೇಳಬಾರದೆ ಎಂಬ ಆ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ.

ಕೇಳುವುದೆಂದರೆ ತಿಳಿಯದ ಸಂಗತಿಯನ್ನು ತಿಳಿದುಕೊಳ್ಳುವುದು ಎಂದಷ್ಟೇ ನಾನು ಎಣಿಸಿದ್ದೆ. ಆ ಕೆಲಸವನ್ನು ಫೋನ್ ಇನ್ನೂ ಚೆನ್ನಾಗಿ ಮಾಡುತ್ತದೆ. ಆದರೆ ನಾನು ಕೇಳಿದ ಹೊತ್ತಿನಲ್ಲಿ ಎದುರಿನವರು ನನ್ನ ಊರು ಯಾವುದೆಂದು ಕೇಳುತ್ತಾರೆ, ರೊಟ್ಟಿ ಬಡಿಯಲು ಬರುತ್ತದೆಯೇ ಎನ್ನುತ್ತಾರೆ. ಪರಿಚಯವಾಗುವುದೇ ಆ ಉತ್ತರದ ಸುತ್ತಲಿನ ಹರಟೆಯಲ್ಲಿ. ಆ ಹರಟೆಗೆ ನಾನೇ ದಾರಿ ಮುಚ್ಚಿಕೊಂಡಿದ್ದೆ. ನಮ್ಮ ಪಾಠದಲ್ಲಿ ಬರುವ ಹರ್ಮನ್ ಮೋಗ್ಲಿಂಗ್‌ನ ನೆನಪು ಆಗ ಬಂತು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದ ಅವನು, ಜರ್ಮನಿಯಿಂದ ಬಂದು ಇಲ್ಲಿಯೇ ಕನ್ನಡ ಕಲಿತವನು. ಅಷ್ಟು ದೂರದಿಂದ ಬಂದವನು ಇಲ್ಲಿಯ ಭಾಷೆ ಕಲಿತು ಪಾಕ್ಷಿಕವನ್ನೇ ನಡೆಸಿದ. ಒಂದೇ ರಾಜ್ಯದೊಳಗೆ ಒಂದು ರಾತ್ರಿಯ ಬಸ್ಸಿನಲ್ಲಿ ಬಂದ ನನಗೆ ಪಕ್ಕದ ಮಂಚದವಳನ್ನು ಕೇಳಲು ನಾಚಿಕೆ!

ಅಂದಿನಿಂದ ನಾನು ಮಾಡಿದ ಬದಲಾವಣೆ ತೀರ ಸಣ್ಣದು. ಆ್ಯಪನ್ನು ತೆಗೆದುಹಾಕಲಿಲ್ಲ, ಅದರ ಉತ್ತರವನ್ನು ರೂಮ್‌ಮೇಟ್‌ಗೆ ತೋರಿಸಿ "ಇದು ಸರಿಯೇನು?" ಎಂದು ಕೇಳತೊಡಗಿದೆ. ಅದು ಎಡವಿದ ಕಡೆಗಳಲ್ಲಿ ಅವಳಿಗೆ ನಗು, ನನಗೆ ಪಾಠ. ಹಾಸ್ಟೆಲಿನಲ್ಲಿ ದಿನಪತ್ರಿಕೆಯನ್ನೂ ಫೋನಿನಲ್ಲಿ ನೋಡುವುದನ್ನು ಬಿಟ್ಟು, ನಾಲ್ವರು ಹಂಚಿಕೊಂಡು ಓದುವ ಕಾಗದದ ಪ್ರತಿಯನ್ನೇ ಓದುತ್ತೇನೆ. ಹಾಗೆ ಓದುವಾಗಲೇ ಒಂದು ದಿನ ಸ್ಥಳೀಯ ಪುಟದಲ್ಲಿ ಆ ದಿನದ ಯಕ್ಷಗಾನ ಪ್ರದರ್ಶನಗಳ ಪಟ್ಟಿ ಕಂಡಿತು. ಇವರೆಲ್ಲ ಅದನ್ನು ಬರಿಯ "ಆಟ" ಎನ್ನುತ್ತಾರೆ. ನಮ್ಮಲ್ಲೂ ದೊಡ್ಡಾಟ, ಸಣ್ಣಾಟ ಇವೆ ಎಂದೆ. ಅದರಲ್ಲಿ ಚೆಂಡೆ ಉಂಟಾ, ವೇಷ ಹೇಗೆ, ಪದ ಹಾಡುವವರು ಎಲ್ಲಿ ನಿಲ್ಲುತ್ತಾರೆ ಎಂದು ಮೂವರು ಒಟ್ಟಿಗೆ ಕೇಳಿದರು. ಮೊದಲ ಬಾರಿಗೆ ಉತ್ತರ ನನ್ನಲ್ಲಿತ್ತು, ಪ್ರಶ್ನೆ ಅವರದಾಗಿತ್ತು. ನಮ್ಮೂರಿನ ದೊಡ್ಡಾಟದ ವಿಡಿಯೊವನ್ನು ಒಂದೇ ಫೋನಿನಲ್ಲಿ ನಾಲ್ವರು ತಲೆಗೆ ತಲೆ ತಾಗಿಸಿ ನೋಡಿದೆವು.

ಆದ್ದರಿಂದ ಫೋನನ್ನು ಬಿಡಬೇಡಿ, ಹೆಚ್ಚೂ ಮಾಡಬೇಡಿ. "ಎಂಕ್ ತುಳು ಬರ್ಪುಜಿ", ಅಂದರೆ ನನಗೆ ತುಳು ಬರುವುದಿಲ್ಲ ಎಂಬ ಒಂದು ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡಿ ನಾಳೆಯೇ ಬಸ್ಸಿನಲ್ಲಿ ಹೇಳಿ ನೋಡಿ. ನಾನು ಹಾಗೆಂದಾಗಲೆಲ್ಲ ಯಾರಾದರೊಬ್ಬರು ಒಂದೆರಡು ಪದವನ್ನು ಕಲಿಸದೆ ಇಳಿದದ್ದಿಲ್ಲ.

ಅಂದಹಾಗೆ, ಜಿಲ್ಲೆಗೇ ರಜೆ ಕೊಟ್ಟ ತಪ್ಪಿಗೆ ನನಗೆ ತರಗತಿಯಲ್ಲಿ "ಡಿಸಿ ಮೇಡಂ" ಎಂಬ ಹೆಸರು ಖಾಯಂ ಆಗಿದೆ. ಆಕಾಶದಲ್ಲಿ ಒಂದು ಮೋಡ ಕಂಡರೂ ಸಾಕು, ಯಾರಾದರೊಬ್ಬರು ಗ್ರೂಪಿನಲ್ಲಿ "ಡಿಸಿ ಮೇಡಂ, ಎಲ್ಲೆ ರಜೆ ಉಂಡಾ?" ಎಂದು ಕೇಳುತ್ತಾರೆ. ನಾನು "ಇಜ್ಜಿ", ಅಂದರೆ ಇಲ್ಲ, ಎಂದು ಬರೆಯುತ್ತೇನೆ.