ರನ್ ಮಾಡುವ ಮುಂಚೆ ಉತ್ತರ ಬರೆದಿಡಿ

ಪ್ರಶ್ನೆ: ಆರು ತಿಂಗಳಿಂದ ವಿಡಿಯೋ ನೋಡಿ ವೆಬ್ ಡೆವಲಪ್‌ಮೆಂಟ್ ಕಲಿಯುತ್ತಿದ್ದೇನೆ. ನೋಡುವಾಗ ಎಲ್ಲ ಅರ್ಥವಾಗುತ್ತದೆ, ಖಾಲಿ ಫೈಲ್ ತೆರೆದರೆ ಕೈಯೇ ಓಡುವುದಿಲ್ಲ. ಇನ್ಯಾವ ಕೋರ್ಸ್ ನೋಡಲಿ?

ಇನ್ನೊಂದು ಕೋರ್ಸ್ ಬೇಡವೇ ಬೇಡ. ಯಾವುದನ್ನು ಮೊದಲು ಬರೆಯಬೇಕು, ಎಲ್ಲಿ ಫಂಕ್ಷನ್ ಬೇಕು ಎಂಬ ತಲೆನೋವೆಲ್ಲ ವಿಡಿಯೋದವರದು. ನಿಮ್ಮ ಪಾಲಿಗೆ ಉಳಿದದ್ದು ಬರೀ ಟೈಪಿಂಗ್. ನೋಡಿ ಮುಗಿಸಿದ ಒಂದು ಸಣ್ಣ ಪ್ರಾಜೆಕ್ಟನ್ನೇ ತೆಗೆದುಕೊಳ್ಳಿ, ಟು-ಡು ಪಟ್ಟಿಯಾದರೂ ಸಾಕು. ಹೊಸ ಫೋಲ್ಡರ್‌ನಲ್ಲಿ, ವಿಡಿಯೋ ಮುಚ್ಚಿಟ್ಟು, ಮೊದಲಿನಿಂದ ಬರೆಯಿರಿ. ಸಿಕ್ಕಿಕೊಂಡರೆ 15 ನಿಮಿಷ ಒದ್ದಾಡಿ. ಆಗಲೂ ಬಗೆಹರಿಯದಿದ್ದರೆ ವೆಬ್ ತಂತ್ರಜ್ಞಾನದ ಉಲ್ಲೇಖ ತಾಣವಾದ ಎಂಡಿಎನ್‌ನಲ್ಲಿ ಆ ಒಂದು ಮೆಥಡ್‌ನ ಪುಟ ಮಾತ್ರ ಓದಿ, ಮುಚ್ಚಿ, ಮತ್ತೆ ಬರೆಯಿರಿ.

ಪ್ರತಿ ಸಲ ರನ್ ಮಾಡುವ ಮುಂಚೆ ಏನು ಬರಬಹುದೆಂದು ಕಾಮೆಂಟಿನಲ್ಲಿ ಬರೆದಿಡಿ. ನೀವು ಬರೆದದ್ದೂ ಬಂದದ್ದೂ ಬೇರೆಯಾದರೆ, ಆವತ್ತು ಕಲಿಯಬೇಕಾದದ್ದು ಅಷ್ಟೇ.

ಟು-ಡು ಪಟ್ಟಿಯನ್ನು ಬ್ರೌಸರ್‌ನೊಳಗಿನ ಉಗ್ರಾಣವಾದ ಲೋಕಲ್ ಸ್ಟೋರೇಜ್‌ನಲ್ಲಿ ಉಳಿಸಲು ಹೊರಟಾಗ ಇದರ ಬೆಲೆ ತಿಳಿಯುತ್ತದೆ. ಅದು ಇಟ್ಟುಕೊಳ್ಳುವುದು ಸ್ಟ್ರಿಂಗ್, ಅಂದರೆ ಪಠ್ಯ, ಮಾತ್ರ. ಆಬ್ಜೆಕ್ಟ್‌ಗಳ ಅರೇಯನ್ನು ಹಾಗೇ ಕೊಟ್ಟರೆ ‘ಆಬ್ಜೆಕ್ಟ್ ಆಬ್ಜೆಕ್ಟ್’ ಎಂಬ ಪಠ್ಯ ಉಳಿದು ಒಳಗಿನ ಡೇಟಾ ಹೋಗಿಬಿಡುತ್ತದೆ. ಇಡುವಾಗ ಜೇಸನ್ ಸ್ಟ್ರಿಂಗಿಫೈ ಮಾಡಿ ಪಠ್ಯವಾಗಿಸಬೇಕು, ತೆಗೆಯುವಾಗ ಜೇಸನ್ ಪಾರ್ಸ್ ಮಾಡಿ ಮತ್ತೆ ಅರೇಯಾಗಿಸಬೇಕು. ಇಷ್ಟು ಮಾಡಿದರೂ ಮೊದಲ ಸಲ ಪುಟ ತೆರೆದವರಿಗೆ ಎರರ್ ಬರುತ್ತದೆ. ಸ್ಟೋರೇಜ್ ಖಾಲಿ ಇದ್ದಾಗ ಸಿಗುವುದು ನಲ್ (ಏನೂ ಇಲ್ಲ ಎಂಬ ಬೆಲೆ), ಅದರ ಮೇಲೆ ಅರೇಗೆ ಹೊಸದನ್ನು ಸೇರಿಸುವ ಪುಶ್ ಕರೆದರೆ ಟೈಪ್ ಎರರ್. ಪಾರ್ಸ್ ಮಾಡಿದ್ದರ ನಂತರ ‘?? []’ (ನಲ್ ಬಂದರೆ ಖಾಲಿ ಅರೇ ತಗೋ ಎಂದರ್ಥ) ಸೇರಿಸಿದರೆ ಸರಿಹೋಗುತ್ತದೆ. ನಿಮ್ಮ ಬ್ರೌಸರ್‌ನಲ್ಲಿ ಹಳೇ ಡೇಟಾ ಕೂತಿರುವುದರಿಂದ ಈ ದೋಷ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಹಳೇ ಡೇಟಾ ಇಲ್ಲದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿ.

ಪ್ರಶ್ನೆ: [10, 9, 1] ಅನ್ನು ಸಾರ್ಟ್ ಮಾಡಿದರೆ 1, 10, 9 ಬರುತ್ತಿದೆ. ಬ್ರೌಸರ್ ಕೆಟ್ಟಿದೆಯೇ?

ಇಲ್ಲ. ಹೋಲಿಸುವುದು ಹೇಗೆಂದು ಹೇಳದಿದ್ದರೆ ಜಾವಾಸ್ಕ್ರಿಪ್ಟ್ ಪ್ರತಿಯೊಂದನ್ನೂ ಸ್ಟ್ರಿಂಗ್ ಮಾಡಿಕೊಂಡು ನಿಘಂಟಿನ ಕ್ರಮದಲ್ಲಿ ಜೋಡಿಸುತ್ತದೆ. ‘10’ರ ಮೊದಲ ಅಂಕಿ 1, ಅದು 9ಕ್ಕಿಂತ ಮುಂಚೆಯೇ ಬರಬೇಕಲ್ಲ. ಸಾರ್ಟ್‌ನ ಆವರಣದೊಳಗೆ ಹೀಗೆ ಕೊಡಿ: (ಅ, ಬ) => ಅ - ಬ. ಹೌದು, ವೇರಿಯಬಲ್‌ಗೆ ಕನ್ನಡದ ಹೆಸರಿಟ್ಟರೂ ನಡೆಯುತ್ತದೆ, ಹಾಗೇ ರನ್ ಆಗುತ್ತದೆ. ತಂಡದ ಕೋಡಿನಲ್ಲಿ ಮಾತ್ರ ಈ ಸಾಹಸ ಬೇಡ. ಇನ್ನೊಂದು ಮಾತು, ಸಾರ್ಟ್ ಮೂಲ ಅರೇಯನ್ನೇ ಬದಲಿಸುತ್ತದೆ. ಮೂಲ ಹಾಗೇ ಬೇಕಿದ್ದರೆ ಜಾವಾಸ್ಕ್ರಿಪ್ಟ್‌ನ 2023ರ ಆವೃತ್ತಿಯಲ್ಲಿ ಬಂದ ಟುಸಾರ್ಟೆಡ್ ಬಳಸಿ.

ಪ್ರಶ್ನೆ: ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುತ್ತದೆ. ಆಟದ ಹಾಗೆ ಕಲಿಯುವಂಥದ್ದು ಏನಾದರೂ ಇದೆಯೇ?

ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್‌ಗೆ, ಕಪ್ಪೆಗಳನ್ನು ಎಲೆಯ ಮೇಲೆ ಕೂರಿಸುತ್ತ ಫ್ಲೆಕ್ಸ್ ಜೋಡಣೆ ಕಲಿಸುವ ಫ್ಲೆಕ್ಸ್‌ಬಾಕ್ಸ್ ಫ್ರಾಗಿಯಲ್ಲಿ 24 ಹಂತ, ಗ್ರಿಡ್ ಗಾರ್ಡನ್‌ನಲ್ಲಿ 28, ಸೆಲೆಕ್ಟರ್ (ಪುಟದ ಯಾವ ಭಾಗಕ್ಕೆ ನಿಯಮ ಎಂದು ಆರಿಸುವುದು) ಕಲಿಸುವ ಸಿಎಸ್‌ಎಸ್ ಡೈನರ್‌ನಲ್ಲಿ 32. ಮೂರೂ ಉಚಿತ. ಆದರೆ ಕಪ್ಪೆಗಳನ್ನೆಲ್ಲ ಎಲೆಯ ಮೇಲೆ ಕೂರಿಸಿದ ಮಾತ್ರಕ್ಕೆ ಫ್ಲೆಕ್ಸ್ ಬಂತೆಂದುಕೊಳ್ಳಬೇಡಿ. ಆಟದ ಕೊಳಕ್ಕೆ ಎತ್ತರ ಮೊದಲೇ ಕೊಟ್ಟಿರುತ್ತಾರೆ. ನಿಮ್ಮ ಪುಟದಲ್ಲಿ ಹೊರಗಿನ ಡಬ್ಬಿ ಒಳಗಿನದರಷ್ಟೇ ಎತ್ತರವಿರುತ್ತದೆ, ಹಾಗಾಗಿ ಮೇಲೆ-ಕೆಳಗಿನ ನಡುವೆ ತರಲು ‘ಅಲೈನ್ ಐಟಮ್ಸ್ ಸೆಂಟರ್’ ಬರೆದರೂ ಏನೂ ಅಲುಗುವುದಿಲ್ಲ. ಹೊರಗಿನ ಡಬ್ಬಿಯ ಕನಿಷ್ಠ ಎತ್ತರವನ್ನು 100 ಡಿವಿಎಚ್, ಅಂದರೆ ಆ ಕ್ಷಣ ಕಾಣುವ ಪರದೆಯ ಪೂರ್ತಿ ಎತ್ತರ, ಮಾಡಿ. ಅದರ ಬದಲು ಹಳೆಯ ಅಳತೆಯಾದ ವಿಎಚ್ ಹಾಕಿದರೆ ಮೊಬೈಲಿನಲ್ಲಿ ಅಡ್ರೆಸ್ ಬಾರ್ ಕಾಣುವಾಗ ಪುಟ ಕೆಳಗೆ ಚಾಚಿಕೊಳ್ಳುತ್ತದೆ.

ತರ್ಕಕ್ಕೆ ಅಡ್ವೆಂಟ್ ಆಫ್ ಕೋಡ್, ದಿನಕ್ಕೊಂದು ಪ್ರೋಗ್ರಾಮಿಂಗ್ ಒಗಟು ಕೊಡುವ ತಾಣ. ಎರಿಕ್ ವಾಸ್ಟಲ್ 2015ರಿಂದ ಪ್ರತಿ ಡಿಸೆಂಬರ್‌ನಲ್ಲಿ ನಡೆಸುತ್ತಿದ್ದಾರೆ, ಹಳೇ ವರ್ಷದವೂ ತೆರೆದೇ ಇವೆ. ಮೊದಲ ಭಾಗ ಬಿಡಿಸಿದರೆ ಎರಡನೆಯದು ತೆರೆಯುತ್ತದೆ. ಹಲವು ಸಲ ಅಲ್ಲಿ ಸಂಖ್ಯೆಗಳು ಎಷ್ಟು ಹಿಗ್ಗುತ್ತವೆಂದರೆ ಮೊದಲ ಭಾಗಕ್ಕೆ ಬರೆದ ಲೂಪ್ ರಾತ್ರಿಯಿಡೀ ಓಡಿದರೂ ಮುಗಿಯದು. ಹಳೇ ವರ್ಷಗಳ ಮೊದಲ ಐದು ದಿನಗಳಿಂದ ಶುರುಮಾಡಿ.

ಬಿಡುವಿನ ಐದು ನಿಮಿಷಕ್ಕೆ ಬ್ರೌಸರ್‌ನಲ್ಲೇ ಕೋಡ್ ಬರೆದು ನೋಡುವ ಕನ್ಸೋಲ್ ಸಾಕು. ‘ನಮಸ್ಕಾರ’ದ ಲೆಂತ್ ಎಷ್ಟು? ಕಣ್ಣಿಗೆ ನಾಲ್ಕು ಅಕ್ಷರ, ಉತ್ತರ 7: ‘ಸ್’ನ ಹಲಂತ ಚಿಹ್ನೆಗೂ ಆ-ಕಾರದ ದೀರ್ಘಕ್ಕೂ ಬೇರೆ ಬೇರೆ ಲೆಕ್ಕ, ಒತ್ತಿನ ಕಕಾರವೂ ಸೇರಿ. ಮೊದಲ ಮೂರನ್ನು ಸ್ಲೈಸ್ ಮಾಡಿದರೆ ‘ನಮಸ’. ಹೆಸರಿಗೆ ಅಕ್ಷರಮಿತಿ ಹಾಕುವ ಫಾರ್ಮ್‌ಗಳು ಕನ್ನಡದಲ್ಲಿ ಎಡವುವುದು ಇಲ್ಲೇ. ಪಠ್ಯವನ್ನು ಅಕ್ಷರಗಳಾಗಿ ಒಡೆಯುವ ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಸೆಗ್ಮೆಂಟರ್ ಸ್ವರಚಿಹ್ನೆಯನ್ನು ವ್ಯಂಜನದ ಜೊತೆಗೇ ಎಣಿಸುತ್ತದೆ, ಒತ್ತಕ್ಷರದ ವಿಷಯದಲ್ಲಿ ಮಾತ್ರ ಅದನ್ನು ಪೂರ್ತಿ ನಂಬಬೇಡಿ.

ನಗುವುದಕ್ಕೊಂದು: 1998ರ ಏಪ್ರಿಲ್ 1ರಂದು ಕಾಫಿ ಪಾತ್ರೆಗಳನ್ನು ನೆಟ್‌ವರ್ಕ್ ಮೂಲಕ ನಿಯಂತ್ರಿಸುವ ಒಂದು ಹುಡುಗಾಟದ ಶಿಷ್ಟಾಚಾರ (ಪ್ರೋಟೋಕಾಲ್) ಪ್ರಕಟವಾಯಿತು, ಇಂಟರ್ನೆಟ್ ನಿಯಮಗಳ ದಾಖಲೆ ಸರಣಿಯ ಆರ್‌ಎಫ್‌ಸಿ 2324. ಟೀ ಪಾತ್ರೆಗೆ ಕಾಫಿ ಮಾಡಲು ಹೇಳಿದರೆ ಅದು 418 ಎಂದು ಉತ್ತರಿಸಬೇಕಂತೆ. ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನ ಸ್ಟೇಟಸ್ ಕೋಡ್‌ಗಳ (ಸರ್ವರ್ ಕೊಡುವ ಉತ್ತರ ಸಂಖ್ಯೆಗಳ) ಪಟ್ಟಿಯಲ್ಲಿ 418 ಇವತ್ತಿಗೂ ಇದೆ, ಎದುರಿಗೆ ‘ನಾನೊಂದು ಟೀ ಪಾತ್ರೆ’ ಎಂಬ ಅರ್ಥದ ಒಕ್ಕಣೆಯೊಂದಿಗೆ.