ಕ್ಯಾಡ್ ಕಿರಿಕಿರಿ: ಟ್ರೀ ಕೆಂಪಾದರೆ ಮೇಲಿನಿಂದ ನೋಡಿ

ಕ್ಯಾಡ್ (ಕಂಪ್ಯೂಟರ್‌ನಲ್ಲಿ ಯಂತ್ರದ ಭಾಗ ಬಿಡಿಸುವ ಸಾಫ್ಟ್‌ವೇರ್) ಬಗ್ಗೆ ಈ ಸಲ ಬಂದ ಪ್ರಶ್ನೆಗಳೆಲ್ಲ ಹಾಸನ, ಚಿಕ್ಕಮಗಳೂರು ಕಡೆಯವು. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ ಮಾಡುವವರು, ಡಿಪ್ಲೊಮಾ ಓದುವವರು, ಶೀಟ್ ಮೆಟಲ್ ಕೆಲಸದವರು ಬರೆದಿದ್ದಾರೆ. ಹೆಸರು ಬೇಡ ಎಂದವರೇ ಜಾಸ್ತಿ, ಹಾಗಾಗಿ ಕೆಲಸ ಮತ್ತು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಸರ್, ಪಲ್ಪರ್‌ನ ಬೇರಿಂಗ್ ಕೂರುವ ಬ್ರಾಕೆಟ್ ಒಂದನ್ನು ಫ್ರೀಕ್ಯಾಡ್‌ನಲ್ಲಿ ಮಾಡಿಟ್ಟುಕೊಂಡಿದ್ದೆ. ಗಿರಾಕಿಯೊಬ್ಬರ ಮಷಿನ್‌ಗೆ ತಳದ ಪ್ಲೇಟಿನಲ್ಲಿ ಒಂದು ಸ್ಲಾಟ್ ಬೇಕಾಯಿತು. ಟ್ರೀಯಲ್ಲಿ (ಮಾಡಿದ ಹೆಜ್ಜೆಗಳ ಪಟ್ಟಿಯಲ್ಲಿ) ಹಿಂದೆ ಹೋಗಿ ಸೇರಿಸಿದ್ದೇ ತಡ, ಬೋಲ್ಟ್ ತೂತುಗಳು ಬೇರೆ ಮುಖಕ್ಕೆ ಹಾರಿದವು, ಫಿಲೆಟ್ (ಅಂಚು ದುಂಡಗೆ ಮಾಡಿದ್ದು) ಎಲ್ಲ ಎರರ್. ಕೊಯ್ಲು ಶುರುವಾಗುವ ಮುಂಚೆ ಕೊಡಬೇಕು. ಪೂರ್ತಿ ಹೊಸದಾಗಿ ಮಾಡಲೇ?
— ವರ್ಕ್‌ಶಾಪ್ ಮಾಲೀಕರು, ಮೂಡಿಗೆರೆ

ಉತ್ತರ: ಹೊಸದಾಗಿ ಮಾಡಬೇಡಿ ಮಾರಾಯ್ರೆ. ಅರ್ಧ ಗಂಟೆಯ ಕೆಲಸಕ್ಕೆ ಇಡೀ ದಿನ ಹೋಗುತ್ತದೆ, ಮತ್ತೆ ಅದೇ ರೀತಿ ಮಾಡಿದರೆ ಮುಂದಿನ ಗಿರಾಕಿ ಬಂದಾಗ ಮತ್ತೆ ಹೀಗೇ ಆಗುತ್ತದೆ.

ಆಗಿದ್ದು ಇಷ್ಟೇ. ಪ್ರತಿ ಮುಖಕ್ಕೂ ಪ್ರತಿ ಅಂಚಿಗೂ ಫ್ರೀಕ್ಯಾಡ್ ಒಂದು ನಂಬರ್ ಕೊಡುತ್ತದೆ. ನೀವು ತೂತಿನ ಸ್ಕೆಚ್ಚನ್ನು ಮೇಲಿನ ಮುಖದ ಮೇಲೆ ಹಾಕಿದಾಗ ಅದು ನೆನಪಿಟ್ಟುಕೊಂಡದ್ದು 'ಫೇಸ್ 7' ಎಂದು, 'ಮೇಲಿನ ಮುಖ' ಎಂದಲ್ಲ. ಸ್ಲಾಟ್ ಬಂದಾಗ ಹೊಸ ಮುಖಗಳು ಹುಟ್ಟಿದವು, ನಂಬರ್‌ಗಳೆಲ್ಲ ಸರಿದವು. ಮದುವೆ ಪಂಕ್ತಿಯಲ್ಲಿ ಏಳನೆಯ ಎಲೆಗೆ ಇನ್ನೊಂದು ಹೋಳಿಗೆ ಹಾಕು ಎಂದು ಹೇಳಿ ಹೋದಿರಿ, ಅಷ್ಟರಲ್ಲಿ ನಡುವೆ ಇಬ್ಬರು ಬಂದು ಕೂತರೆ ಹೋಳಿಗೆ ಯಾರ ಎಲೆಗೆ ಬಿತ್ತೋ ಅವರದ್ದು, ಅಲ್ವಾ? ನಿಮ್ಮ ಬೋಲ್ಟ್ ತೂತಿಗೂ ಅದೇ ಆಗಿದೆ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಈ ಕಾಟ ಬಹಳ ಕಮ್ಮಿಯಾಗಿದೆ. ಹಳೆಯದನ್ನೇ ಬಳಸುತ್ತಿದ್ದರೆ ಮೊದಲು ಅಪ್‌ಡೇಟ್ ಮಾಡಿ, ದುಡ್ಡೇನೂ ಕೊಡಬೇಕಿಲ್ಲ. ಆದರೆ ಈಗಾಗಲೇ ತಪ್ಪಿಹೋದ ಕೊಂಡಿಯನ್ನು ಅದು ತಾನಾಗಿ ಸರಿ ಮಾಡುವುದಿಲ್ಲ.

ಈಗ ರಿಪೇರಿ. ಹತ್ತು ಕೆಂಪು ಗುರುತು ಕಂಡರೂ ಹತ್ತು ತಪ್ಪು ಇರುವುದಿಲ್ಲ. ಟ್ರೀಯಲ್ಲಿ ಎಲ್ಲಕ್ಕಿಂತ ಮೇಲೆ ಯಾವುದು ಕೆಟ್ಟಿದೆಯೋ ಅದನ್ನು ಮಾತ್ರ ಹಿಡಿಯಿರಿ, ಕೆಳಗಿನವುಗಳ ಕಡೆ ನೋಡಲೇಬೇಡಿ. ನಿಮ್ಮಲ್ಲಿ ಅದು ತೂತಿನ ಸ್ಕೆಚ್. ಅದರ ಅಟ್ಯಾಚ್‌ಮೆಂಟ್ ತೆಗೆದು ಮುಖದ ಬದಲು ಮೂಲದ ಎಕ್ಸ್‌ವೈ ಪ್ಲೇನ್‌ಗೆ ಕಟ್ಟಿ, ಪ್ಲೇಟಿನ ದಪ್ಪ ಎಷ್ಟೋ ಅಷ್ಟು ಆಫ್‌ಸೆಟ್ (ಪ್ಲೇನ್‌ನಿಂದ ದೂರ) ಕೊಡಿ. ದಪ್ಪವನ್ನು ಸ್ಪ್ರೆಡ್‌ಶೀಟ್‌ನ ಒಂದು ಮನೆಯಲ್ಲಿ ಬರೆದು, ಪ್ಯಾಡ್‌ಗೂ (ಸ್ಕೆಚ್‌ಗೆ ದಪ್ಪ ಕೊಡುವ ಫೀಚರ್) ಈ ಆಫ್‌ಸೆಟ್‌ಗೂ ಅದನ್ನೇ ಜೋಡಿಸಿದರೆ ಇನ್ನೂ ಒಳ್ಳೆಯದು. ನಾಳೆ 8 ಮಿಮೀ ಪ್ಲೇಟ್ ಹೋಗಿ 10 ಮಿಮೀ ಬಂದರೆ ಒಂದು ಕಡೆ ಬದಲಿಸಿದರೆ ಸಾಕು, ತೂತುಗಳು ಜೊತೆಗೇ ಬರುತ್ತವೆ.

ಆಮೇಲೆ ಫಿಲೆಟ್. ಅದು ಅಂಚಿನ ನಂಬರ್ ನಂಬಿಕೊಂಡಿರುವ ಫೀಚರ್, ಹಾಗಾಗಿ ಏನೇ ಆದರೂ ಮೊದಲು ಬೀಳುವುದು ಅದೇ. ಒಂದೊಂದನ್ನೇ ತೆರೆದು ಕಳೆದುಹೋದ ಅಂಚು ತೆಗೆದು, ಸರಿಯಾದುದನ್ನು ಮತ್ತೆ ಆರಿಸಿ. ಆಗಲೂ ಬರದಿದ್ದರೆ ತ್ರಿಜ್ಯವನ್ನು 0.5ಕ್ಕೆ ಇಳಿಸಿ ನೋಡಿ. ಬಂತು ಎಂದರೆ ಅಂಚು ಸರಿಯಿದೆ, ಅಲ್ಲಿ ನಿಮ್ಮ ಅಳತೆಗೆ ಜಾಗ ಸಾಲುತ್ತಿಲ್ಲ ಎಂದರ್ಥ. 6 ಮಿಮೀ ಅಗಲದ ಪಟ್ಟಿಯ ಎರಡೂ ಕಡೆ 4 ಮಿಮೀ ಫಿಲೆಟ್ ಕೇಳಿದರೆ ಯಾವ ಸಾಫ್ಟ್‌ವೇರ್ ತಾನೇ ಕೊಡುತ್ತದೆ? ಒಂದೇ ಮೂಲೆಯಲ್ಲಿ ದೊಡ್ಡದು ಚಿಕ್ಕದು ಎರಡೂ ಸೇರುತ್ತಿದ್ದರೆ ದೊಡ್ಡದನ್ನು ಮೊದಲು ಹಾಕಿ. ಎರಕಕ್ಕೆ ಹೋಗುವ ಭಾಗವಾದರೆ ಡ್ರಾಫ್ಟ್ (ಅಚ್ಚಿನಿಂದ ಸಲೀಸಾಗಿ ಬಿಡಲು ಕೊಡುವ ಇಳಿಜಾರು) ಮೊದಲು, ಫಿಲೆಟ್ ಆಮೇಲೆ. ಮತ್ತೆ ಬರೀ ಚೆಂದಕ್ಕೆ ಹಾಕುವ ಫಿಲೆಟ್‌ಗಳನ್ನು ದಯವಿಟ್ಟು ಟ್ರೀಯ ತುದಿಗೆ ಇಟ್ಟುಕೊಳ್ಳಿ. ಮಧ್ಯದಲ್ಲಿ ಹಾಕಿ, ಆ ಫಿಲೆಟ್‌ನ ಅಂಚಿನಿಂದಲೇ ಮುಂದಿನ ಸ್ಕೆಚ್‌ಗೆ ಅಳತೆ ತೆಗೆದ ಫೈಲ್‌ಗಳನ್ನು ನೋಡಿದರೆ ತಲೆ ಕೆಡುತ್ತದೆ.

ಪ್ರಶ್ನೆ: ಸರ್, ಸಾಲಿಡ್‌ವರ್ಕ್ಸ್‌ನಲ್ಲಿ ನನ್ನ ಸ್ಕೆಚ್ ಯಾವಾಗಲೂ ನೀಲಿ ಇರುತ್ತದೆ. ಕಪ್ಪಾಗಬೇಕು ಅಂತ ಲ್ಯಾಬ್‌ನಲ್ಲಿ ಹೇಳುತ್ತಾರೆ. ಎಲ್ಲ ಸೆಲೆಕ್ಟ್ ಮಾಡಿ 'ಫಿಕ್ಸ್' ಕೊಟ್ಟರೆ ಕಪ್ಪಾಗುತ್ತದೆ. ಸಾಕಲ್ವಾ?
— ಡಿಪ್ಲೊಮಾ ವಿದ್ಯಾರ್ಥಿನಿ, ಹಾಸನ

ಉತ್ತರ: ಸಾಲದು. ಲ್ಯಾಬ್ ಮುಗಿಸುವುದಕ್ಕೆ ಸಾಕಾಗಬಹುದು, ಕೆಲಸಕ್ಕೆ ಬರುವುದಿಲ್ಲ. ನೀಲಿ ಎಂದರೆ ಆ ಗೆರೆ ಇನ್ನೂ ಅಲುಗಾಡಬಹುದು. 'ಫಿಕ್ಸ್' ಎಂದರೆ ಎಲ್ಲಿದೆಯೋ ಅಲ್ಲೇ ಮೊಳೆ ಹೊಡೆದಂತೆ, ಆಮೇಲೆ ಅಳತೆ ಬದಲಿಸಲು ಹೋದರೆ ಸ್ಕೆಚ್ ಜಗಳಕ್ಕೆ ನಿಲ್ಲುತ್ತದೆ. ಹಳದಿ, ಕೆಂಪು ಬರುವುದು ಆಗಲೇ.

ನೀಲಿ ಗೆರೆಯನ್ನು ಮೌಸ್‌ನಲ್ಲಿ ಹಿಡಿದು ಎಳೆಯಿರಿ. ಯಾವ ಕಡೆ ಓಡುತ್ತದೋ ಆ ಕಡೆಗೆ ಏನೋ ಕೊಟ್ಟಿಲ್ಲ. ಹೊಸಬರು ಜಾಸ್ತಿ ಮರೆಯುವುದು ಒಂದೇ, ಸ್ಕೆಚ್ಚನ್ನು ಒರಿಜಿನ್‌ಗೆ (ಸೊನ್ನೆ ಬಿಂದುವಿಗೆ) ಕಟ್ಟುವುದು. ಎಲ್ಲ ಅಳತೆ ಕೊಟ್ಟರೂ ಇಡೀ ಚಿತ್ರ ತೇಲುತ್ತಿರುತ್ತದೆ. ನಾಲ್ಕು ತೂತಿನ ಬೇರಿಂಗ್ ಪ್ಲೇಟ್ ಎಂದುಕೊಳ್ಳಿ. ಸೆಂಟರ್ ರೆಕ್ಟ್ಯಾಂಗಲ್ ತೆಗೆದುಕೊಂಡು ಒರಿಜಿನ್ ಮೇಲೇ ಶುರು ಮಾಡಿ, ಉದ್ದ ಅಗಲ ಕೊಡಿ. ತೂತುಗಳಿಗೆ ಇನ್ನೊಂದು ಸೆಂಟರ್ ರೆಕ್ಟ್ಯಾಂಗಲ್ಲನ್ನು ಕನ್‌ಸ್ಟ್ರಕ್ಷನ್ ಗೆರೆಯಾಗಿ (ಬರೀ ಆಧಾರಕ್ಕೆ) ಅದೇ ಒರಿಜಿನ್ ಮೇಲೆ ಎಳೆದು ನಾಲ್ಕು ಮೂಲೆಗೆ ವೃತ್ತ ಇಡಿ. ನಾಲ್ಕಕ್ಕೂ 'ಈಕ್ವಲ್' ಸಂಬಂಧ ಕೊಟ್ಟು ಒಂದಕ್ಕೆ ಮಾತ್ರ ವ್ಯಾಸ ಹಾಕಿ. ಬರೀ ಐದು ಅಳತೆಗೆ ಪೂರ್ತಿ ಕಪ್ಪು. 'ಫುಲ್ಲಿ ಡಿಫೈನ್' ಬಟನ್ ಇದೆಯಲ್ಲ ಎನ್ನಬೇಡಿ, ಅದು ಎಲ್ಲೆಲ್ಲಿಂದಲೋ ಅಳತೆ ತೆಗೆದು ಹಾಕುತ್ತದೆ, ಡ್ರಾಯಿಂಗ್ ಓದುವವರಿಗೆ ಅದರ ತಲೆಬುಡ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ ಪ್ರಾಜೆಕ್ಟ್ ಕೈಯಿಂದ ತಿರುಗಿಸುವ ಪಲ್ಪರ್. ಡ್ರಮ್, ಶಾಫ್ಟ್, ಹ್ಯಾಂಡಲ್ ಸೇರಿಸಿ ಬೇರಿಂಗ್ ಸಮೇತ ಒಂದು ಸಬ್ ಅಸೆಂಬ್ಲಿ ಮಾಡಿದೆವು. ಅದರ ಒಳಗೆ ಚೆನ್ನಾಗಿ ತಿರುಗುತ್ತದೆ. ಮುಖ್ಯ ಅಸೆಂಬ್ಲಿಗೆ ತಂದರೆ ಅಲ್ಲಾಡುವುದೇ ಇಲ್ಲ. ಮೇಟ್ (ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಸಂಬಂಧ) ಎಲ್ಲ ಅಳಿಸಿ ಮತ್ತೆ ಹಾಕಿದ್ದಾಯಿತು.
— ಬಿಇ ಮೆಕ್ಯಾನಿಕಲ್ ವಿದ್ಯಾರ್ಥಿಗಳು, ಹಾಸನ

ಉತ್ತರ: ಮೇಟ್‌ಗಳದ್ದೇನೂ ತಪ್ಪಿಲ್ಲ, ಪಾಪ. ಸಾಲಿಡ್‌ವರ್ಕ್ಸ್‌ನಲ್ಲಿ ಸಬ್ ಅಸೆಂಬ್ಲಿಯನ್ನು ಒಳಗೆ ತಂದಾಗ ಅದು ಒಂದೇ ಗಟ್ಟಿ ತುಂಡು ಎಂದೇ ಲೆಕ್ಕ. ಟ್ರೀಯಲ್ಲಿ ಅದರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಫ್ಲೆಕ್ಸಿಬಲ್' ಮಾಡಿ, ತಿರುಗುತ್ತದೆ. ತಿರುಗಬೇಕಾದ ಒಂದನ್ನು ಮಾತ್ರ ಹಾಗೆ ಮಾಡಿ. ಸಿಕ್ಕಿದ್ದನ್ನೆಲ್ಲ ಫ್ಲೆಕ್ಸಿಬಲ್ ಮಾಡಿದರೆ ಲ್ಯಾಪ್‌ಟಾಪ್ ತೆವಳಲು ಶುರು ಮಾಡುತ್ತದೆ.

ಆಗಲೂ ನಿಂತೇ ಇದ್ದರೆ ಟ್ರೀಯಲ್ಲಿ ಹೆಸರಿನ ಮುಂದಿನ ಗುರುತು ನೋಡಿ. ಎಫ್ ಅಕ್ಷರ ಇದ್ದರೆ ಭಾಗ ಫಿಕ್ಸ್ ಆಗಿದೆ, ಮೈನಸ್ ಇದ್ದರೆ ಇನ್ನೂ ಚಲಿಸಬಹುದು, ಪ್ಲಸ್ ಇದ್ದರೆ ಬೇಕಾದ್ದಕ್ಕಿಂತ ಜಾಸ್ತಿ ಕಟ್ಟಿದ್ದೀರಿ. ಅಸೆಂಬ್ಲಿಗೆ ಮೊದಲು ತಂದ ಭಾಗ ತಾನಾಗಿಯೇ ಫಿಕ್ಸ್ ಆಗುತ್ತದೆ. ನೀವು ಡ್ರಮ್ ಅಥವಾ ಶಾಫ್ಟನ್ನು ಮೊದಲು ತಂದಿದ್ದರೆ ಗೋಳು ಅಲ್ಲೇ ಇದೆ, ಅದಕ್ಕೆ 'ಫ್ಲೋಟ್' ಕೊಟ್ಟು ಬೇರಿಂಗ್ ಹೌಸಿಂಗನ್ನು ಫಿಕ್ಸ್ ಮಾಡಿ.

ಇನ್ನೊಂದು ವಿಷಯ. ಎರಡು ಪ್ಲೇಟ್‌ಗಳ ಎರಡೆರಡು ತೂತನ್ನು ಕಾನ್‌ಸೆಂಟ್ರಿಕ್ (ಒಂದೇ ಕೇಂದ್ರಕ್ಕೆ) ಮಾಡುವಾಗ ಎರಡನೆಯದಕ್ಕೆ ಎರರ್ ಬಂದರೆ ತೂತಿನ ನಡುವಿನ ದೂರ ಎರಡರಲ್ಲೂ ಒಂದೇ ಇಲ್ಲ. 80 ಮತ್ತು 80.02 ಇದ್ದರೂ ಅದು ಒಪ್ಪುವುದಿಲ್ಲ. ಮೇಟ್ ಜೊತೆ ಗುದ್ದಾಡಬೇಡಿ, ಪಾರ್ಟ್ ತೆರೆದು ಸ್ಕೆಚ್ ಸರಿ ಮಾಡಿ.

ಪ್ರಶ್ನೆ: 2 ಮಿಮೀ ಸ್ಟೇನ್‌ಲೆಸ್ ಶೀಟ್‌ನಲ್ಲಿ ಹಾಪರ್ ಮಾಡುತ್ತೇವೆ. ಸಾಲಿಡ್‌ವರ್ಕ್ಸ್ ಕೊಟ್ಟ ಫ್ಲಾಟ್ ಪ್ಯಾಟರ್ನ್ (ಬಗ್ಗಿಸುವ ಮುಂಚಿನ ಚಪ್ಪಟೆ ಆಕಾರ) ಪ್ರಕಾರವೇ ಲೇಸರ್ ಕಟಿಂಗ್ ಮಾಡಿಸಿದೆವು. ನಾಲ್ಕು ಬೆಂಡ್ ಆದ ಮೇಲೆ ಸುತ್ತಳತೆ 1 ಮಿಮೀಗಿಂತ ಜಾಸ್ತಿ ಬರುತ್ತಿದೆ, ತೂತು ಕೂಡುತ್ತಿಲ್ಲ. ಕಟಿಂಗ್‌ನವರು ತಮ್ಮದೇನೂ ತಪ್ಪಿಲ್ಲ ಎನ್ನುತ್ತಾರೆ.
— ಫ್ಯಾಬ್ರಿಕೇಶನ್ ಶಾಪ್, ಚಿಕ್ಕಮಗಳೂರು

ಉತ್ತರ: ಅವರು ಹೇಳುವುದು ನಿಜವೇ ಇರಬೇಕು. ನಿಮ್ಮ ಕೆ ಫ್ಯಾಕ್ಟರ್ ನೋಡಿ, ಮುಟ್ಟದೆ ಬಿಟ್ಟಿದ್ದರೆ ಸಾಮಾನ್ಯವಾಗಿ 0.5 ಇರುತ್ತದೆ. ಬೆಂಡ್‌ನಲ್ಲಿ ಶೀಟಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವೆ ಎಲ್ಲೋ ಒಂದು ಪದರ ಉದ್ದ ಬದಲಿಸದೆ ಉಳಿಯುತ್ತದೆ. ಅದು ಒಳಮೈಯಿಂದ ದಪ್ಪದ ಎಷ್ಟು ಪಾಲು ದೂರದಲ್ಲಿದೆ ಎಂಬುದೇ ಕೆ ಫ್ಯಾಕ್ಟರ್. 0.5 ಎಂದರೆ ಸರಿಯಾಗಿ ಮಧ್ಯದಲ್ಲಿ. ನಿಜವಾದ ಬೆಂಡ್‌ನಲ್ಲಿ ಅದು ಒಳಗಡೆಗೆ ಸರಿದಿರುತ್ತದೆ.

ಲೆಕ್ಕ ಹಾಕಿ ನೋಡಿ. 2 ಮಿಮೀ ದಪ್ಪ, ಒಳ ತ್ರಿಜ್ಯ 2 ಮಿಮೀ, 90 ಡಿಗ್ರಿ. ಕೆ 0.5 ಆದರೆ ಬೆಂಡ್ ತಿನ್ನುವ ಶೀಟ್ 1.571 (ಪೈ ÷ 2) × (2 + 1), ಅಂದರೆ 4.71 ಮಿಮೀ. ಕೆ 0.4 ಆದರೆ 4.40. ವ್ಯತ್ಯಾಸ 0.31, ನಾಲ್ಕು ಬೆಂಡಿಗೆ 1.25ರ ಹತ್ತಿರ. ನಿಮಗೆ ಜಾಸ್ತಿ ಬರುತ್ತಿರುವುದು ಹೆಚ್ಚೂಕಡಿಮೆ ಅಷ್ಟೇ ಅಲ್ವಾ?

0.4 ಎಂದು ಹಾಗೇ ಹಾಕಿಕೊಳ್ಳಬೇಡಿ. ನಿಮ್ಮ ಮಷಿನ್, ನಿಮ್ಮ ಡೈ, ನಿಮ್ಮ ಶೀಟ್‌ಗೆ ಎಷ್ಟು ಎಂದು ನೀವೇ ಕಂಡುಕೊಳ್ಳಿ. ಸರಿಯಾಗಿ 100 ಮಿಮೀ ಉದ್ದದ ಪಟ್ಟಿ ಕತ್ತರಿಸಿ ನಡುವೆ 90 ಡಿಗ್ರಿ ಬಗ್ಗಿಸಿ, ಎರಡೂ ಕಾಲಿನ ಹೊರ ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದು ಕೂಡಿಸಿ. 103.6 ಬಂತು ಎಂದರೆ ಬೆಂಡ್ ಡಿಡಕ್ಷನ್ (ಹೊರ ಅಳತೆಗಳ ಮೊತ್ತದಿಂದ ಕಳೆಯಬೇಕಾದದ್ದು) 3.6. ಸಾಫ್ಟ್‌ವೇರ್‌ನಲ್ಲಿ ಕೆ ಫ್ಯಾಕ್ಟರ್ ಬದಲು ಬೆಂಡ್ ಡಿಡಕ್ಷನ್ ಆರಿಸಿ ಆ ಸಂಖ್ಯೆಯನ್ನೇ ಕೊಟ್ಟುಬಿಡಿ. ಡೈ ಬದಲಾದರೆ ಒಳ ತ್ರಿಜ್ಯವೂ ಬದಲಾಗುತ್ತದೆ, ಆಗ ಇನ್ನೊಂದು ಪಟ್ಟಿ ಬಗ್ಗಿಸಬೇಕು. ಇಡೀ ಶೀಟ್ ಹಾಳಾಗುವುದಕ್ಕಿಂತ ಒಂದು ತುಂಡು ಹೋದರೆ ಏನಂತೆ.

ಪ್ರಶ್ನೆ: ಅಸೆಂಬ್ಲಿ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರೆ ಕಾಲೇಜಿನಲ್ಲಿ ತೆರೆದಾಗ ಒಂದು ಪಾರ್ಟೂ ಕಾಣುವುದಿಲ್ಲ.
— ಪಾಲಿಟೆಕ್ನಿಕ್ ವಿದ್ಯಾರ್ಥಿ, ಬೇಲೂರು

ಉತ್ತರ: ಅಸೆಂಬ್ಲಿ ಫೈಲ್‌ನಲ್ಲಿ ಪಾರ್ಟ್ ಇರುವುದಿಲ್ಲ, ಪಾರ್ಟ್ ಎಲ್ಲಿದೆ ಎಂಬ ವಿಳಾಸ ಇರುತ್ತದೆ. ಸಾಲಿಡ್‌ವರ್ಕ್ಸ್, ಇನ್ವೆಂಟರ್ ಎರಡರಲ್ಲೂ 'ಪ್ಯಾಕ್ ಆ್ಯಂಡ್ ಗೋ' ಇದೆ, ಅದರಲ್ಲಿ ಎಲ್ಲವನ್ನೂ ಒಂದು ಫೋಲ್ಡರ್‌ಗೆ ತುಂಬಿಸಿ ಒಯ್ಯಿರಿ. ಕಾಲೇಜಿನಲ್ಲಿ ಹಳೆಯ ಆವೃತ್ತಿ ಇದ್ದರೆ ಜೊತೆಗೆ ಒಂದು ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್‌ಗಳೂ ಓದುವಂಥದ್ದು) ಕೂಡ ಇರಲಿ. ಆಕಾರ ಬರುತ್ತದೆ, ಸ್ಕೆಚ್ಚು ಮೇಟು ಬರುವುದಿಲ್ಲ.

ಪ್ರಶ್ನೆ: ಇಂಟರ್‌ಫರೆನ್ಸ್ (ಭಾಗಗಳು ಒಂದರೊಳಗೊಂದು ಹೊಕ್ಕಿವೆಯೇ ಎಂಬ ತಪಾಸಣೆ) ನೋಡಿದರೆ ಪ್ರತಿ ಬೋಲ್ಟ್‌ಗೂ ಎರರ್ ತೋರಿಸುತ್ತದೆ. ತೂತು ದೊಡ್ಡದು ಮಾಡಲೇ?
— ಡ್ರಾಫ್ಟ್ಸ್‌ಮನ್, ಹಾಸನ

ಉತ್ತರ: ಅಯ್ಯೋ, ಮಾಡಬೇಡಿ! ಎಂ8 ಬೋಲ್ಟನ್ನು 8 ಮಿಮೀ ಉರುಳೆಯಾಗಿ ಬರೆದಿರುತ್ತೀರಿ, ಟ್ಯಾಪ್ ಹಾಕುವ ತೂತು 6.8 ಮಿಮೀ. ಒಂದರೊಳಗೊಂದು ಹೊಕ್ಕಂತೆ ಕಾಣುವುದು ಸಹಜ, ಥ್ರೆಡ್ ಇರುವ ಜಾಗವೇ ಅದು. ಆ ಸಾಲುಗಳನ್ನು 'ಇಗ್ನೋರ್' ಮಾಡಿ, ಉಳಿದವನ್ನು ಗಮನವಿಟ್ಟು ನೋಡಿ. ಇದಕ್ಕೆ ಹೆದರಿ ಸುರುಳಿ ಸುರುಳಿಯಾಗಿ ನಿಜವಾದ ಥ್ರೆಡ್ ಕೊರೆಯಲು ಹೋಗಬೇಡಿ, ಐವತ್ತು ಬೋಲ್ಟ್ ಆಗುವಷ್ಟರಲ್ಲಿ ಫೈಲ್ ತೆರೆಯುವುದೇ ಕಷ್ಟವಾಗುತ್ತದೆ.

ಪ್ರಶ್ನೆ: 50 ಮಿಮೀ ಗೇರ್ ಒಂದನ್ನು 3ಡಿ ಪ್ರಿಂಟ್‌ಗೆ ಕೊಟ್ಟೆ. ಸ್ಕ್ರೀನ್ ಮೇಲೆ ಸಾಸಿವೆಯಷ್ಟು ಕಾಣುತ್ತಿದೆ ಎಂದು ಫೋನ್ ಮಾಡಿದ್ದಾರೆ.
— ಓದುಗರು, ಅರಸೀಕೆರೆ

ಉತ್ತರ: 3ಡಿ ಪ್ರಿಂಟ್‌ಗೆ ಕೊಡುವ ಎಸ್‌ಟಿಎಲ್ ಫೈಲ್‌ನಲ್ಲಿ ಬರೀ ಸಂಖ್ಯೆ ಇರುತ್ತದೆ, ಇಂಚೋ ಮಿಮೀಯೋ ಅಂತ ಇರುವುದಿಲ್ಲ. ನೀವು ಇಂಚಿನಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದೀರಿ, ಅವರ ಕಡೆ ಅದು 1.97 ಮಿಮೀ ಆಗಿದೆ. 2540 ಪರ್ಸೆಂಟ್‌ಗೆ ದೊಡ್ಡದು ಮಾಡಿ ಅಂತ ಫೋನಿನಲ್ಲೇ ಹೇಳಿಬಿಡಿ, ಫೈಲ್ ಮತ್ತೆ ಕಳಿಸಬೇಕಿಲ್ಲ.